ಹರಿಯೋ ನೀರಿಗೂ ದೊಣ್ಣೆನಾಯಕನ ಅಪ್ಪಣೆ ಬೇಕು!

ಕನ್ನಡದ ಯಾವ ಚಾರಣಕಥನ ಬೇಕಾದರೂ ತೆಗೆದು ನೋಡಿ. ಮೂರನೇ ಪ್ಯಾರಾದಲ್ಲೋ ನಾಲ್ಕನೇ ಪ್ಯಾರಾದಲ್ಲೋ ಒಂದು ತೊರೆ ಬಂದೇ ಬರುತ್ತದೆ. ಬಂದ ತೊರೆ ಜುಳುಜುಳು ಅನ್ನಲೇಬೇಕು. ನೀರು ಸ್ಫಟಿಕದಂತೆ ತಿಳಿಯಾಗಿರಲೇಬೇಕು. ಬರೆದವರು ಬೆನ್ನಿನ ಚೀಲ ಇಳಿಸಿ, ಬೊಗಸೆಯಲ್ಲಿ ಮೊಗೆದು ಕುಡಿದು, "ಆಹಾ, ಅಮೃತ!" ಅನ್ನಲೇಬೇಕು. ಅದಿಲ್ಲದಿದ್ದರೆ ಚಾರಣಕ್ಕೆ ಹೋಗಿದ್ದಕ್ಕೆ ಸಾಕ್ಷಿಯೇ ಇಲ್ಲವೇನೋ ಅನ್ನುವ ಹಾಗೆ!

ನನ್ನ ಜಗಳ ಇರೋದು ಆ ಅಮೃತದ ಜೊತೆ.

"ಎಸಿ ರೂಮಲ್ಲಿ ಕೂತು ಕೋಡ್ ಬರೆಯೋ ಸಾಫ್ಟ್‌ವೇರ್ ಹುಡುಗ, ಇವನಿಗೇನು ಗೊತ್ತು ಕಾಡಿನ ನೀರಿನ ರುಚಿ" ಅಂತ ಈಗಾಗಲೇ ಯಾರೋ ಗೊಣಗಿರುತ್ತೀರಿ. ರುಚಿ ಗೊತ್ತು ಸ್ವಾಮಿ. ರುಚಿಯ ಬಗ್ಗೆ ನನ್ನ ತಕರಾರೇ ಇಲ್ಲ. ನಾಲ್ಕು ಗಂಟೆ ಗುಡ್ಡ ಹತ್ತಿದವನಿಗೆ ತಣ್ಣಗಿರುವ ಯಾವ ನೀರೂ ರುಚಿಯೇ. ನಾನು ಹೇಳೋದು ಇಷ್ಟೇ: ರುಚಿ, ತಂಪು, ತಿಳಿ - ಈ ಮೂರರಲ್ಲಿ ಒಂದೂ ಆ ನೀರು ಕುಡಿಯೋಕೆ ಯೋಗ್ಯ ಅನ್ನೋದಕ್ಕೆ ಸಾಕ್ಷಿ ಅಲ್ಲ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ಸಿನ ಗಾತ್ರ ಸುಮಾರು 30 ನ್ಯಾನೋಮೀಟರ್. ಒಂದು ಬೊಗಸೆಯಲ್ಲಿ ಲಕ್ಷಗಟ್ಟಲೆ ಇದ್ದರೂ ನೀರು ಸ್ಫಟಿಕದಂತೆಯೇ ಹೊಳೆಯುತ್ತದೆ. ಕಣ್ಣು, ಮೂಗು, ನಾಲಿಗೆ ಮೂರೂ ಪಾಸ್ ಮಾಡಿದ ನೀರು ಹೊಟ್ಟೆಯಲ್ಲಿ ಫೇಲಾಗಬಹುದು.

ಈಗ ಬರುತ್ತೆ ನೋಡಿ ಮೊದಲನೇ ವಾದ. "ನಾನು ಹತ್ತು ವರ್ಷದಿಂದ ಕುಡೀತಿದೀನಿ, ನಂಗೇನೂ ಆಗಿಲ್ಲ."

ಈ ವಾದದ ತೂತು ನಮ್ಮ ಕಸುಬಿನವರಿಗಾದರೂ ಥಟ್ಟನೆ ಕಾಣಬೇಕು. ಕೆಟ್ಟ ನೀರು ಕುಡಿದರೆ ಅಲ್ಲೇ ಕುಸಿದು ಬೀಳೋದಿಲ್ಲ ಮಾರಾಯ್ರೆ. ಜಿಯಾರ್ಡಿಯಾ ಅನ್ನುವ ಪರಾವಲಂಬಿ ಹೊಟ್ಟೆ ಕೆಡಿಸೋಕೆ ಒಂದರಿಂದ ಎರಡು ವಾರ ತೆಗೆದುಕೊಳ್ಳುತ್ತದೆ. ಟೈಫಾಯ್ಡ್ ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಹೆಪಟೈಟಿಸ್ ಎ ಅಂತೂ 15 ದಿನದಿಂದ 50 ದಿನ, ಸರಾಸರಿ 28 ದಿನ. ಅಷ್ಟರಲ್ಲಿ ನೀವು ಬೆಂಗಳೂರಿಗೆ ವಾಪಸ್ ಬಂದು, ಫೋಟೋ ಎಲ್ಲಾ ಹಾಕಿ, ನೂರು ಲೈಕ್ ತಗೊಂಡು, ಎಪ್ಪತ್ತು ಹೊತ್ತು ಹೊರಗಡೆ ಊಟ ಮಾಡಿರುತ್ತೀರಿ. ಶನಿವಾರ ಸೇರಿಸಿದ ಕೋಡ್‌ನ ದೋಷ ಒಂದು ತಿಂಗಳಾದ ಮೇಲೆ ತಲೆ ಎತ್ತಿದರೆ ಬೈಸಿಕೊಳ್ಳೋದು ಯಾರು? ಹಿಂದಿನ ದಿನ ಕೋಡ್ ಸೇರಿಸಿದವನು! ನೀರಿನ ವಿಷಯದಲ್ಲೂ ಹಾಗೇ.

ನಮ್ಮ ಟೀಮಿನ ಹುಡುಗನೊಬ್ಬ, ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ, ವಾರಾಂತ್ಯದ ಚಾರಣ ನಡೆಸುವ ಒಂದು ಗುಂಪಿನ ಜೊತೆ ಘಟ್ಟಕ್ಕೆ ಹೋಗಿದ್ದ. ಬೆಳಿಗ್ಗೆ ತಲೆಗೊಂದು ಲೀಟರ್ ಬಾಟಲಿ ಕೊಟ್ಟು, "ಮುಂದಿಂದು ದಾರೀಲೇ ಸಿಗುತ್ತೆ, ನ್ಯಾಚುರಲ್ ಮಿನರಲ್ ವಾಟರ್" ಅಂದಿದ್ದರಂತೆ. ನಾಲ್ಕನೇ ವಾರಕ್ಕೆ ಹುಡುಗನ ಕಣ್ಣು ಹಳದಿ. ಒಂದೂವರೆ ತಿಂಗಳು ಮಲಗಿದ. ಅವರಮ್ಮ ಊರಿನಿಂದ ಬಂದು ಪಿಜಿ ಪಕ್ಕದಲ್ಲೇ ಒಂದು ರೂಮು ಹಿಡಿದು ಗಂಜಿ ಕಾಯಿಸಿ ಹಾಕಿದರು. ಅವನು ಗುಂಪಿನ ಲೀಡರಿಗೆ ಫೋನ್ ಮಾಡಿದಾಗ ಬಂದ ಉತ್ತರ: "ಎಲ್ಲೋ ಪಾನಿಪೂರಿ ತಿಂದಿರ್ತೀಯ ಬಿಡು ಗುರು."

ಇರಬಹುದು. ಪಾನಿಪೂರಿಯೇ ಇರಬಹುದು. ತೊರೆಯ ನೀರೇ ಕಾರಣ ಅಂತ ನಾನು ಸಾಧಿಸೋಕೆ ಆಗಲ್ಲ, ಯಾವ ಡಾಕ್ಟರೂ ಸಾಧಿಸೋಕೆ ಆಗಲ್ಲ. ಆದರೆ ಲೆಕ್ಕ ಹೇಗೆ ನಡೀತು ನೋಡಿ. ಕಾಯಿಲೆಯನ್ನು ಪಾನಿಪೂರಿ ಗಾಡಿಯವನ ಖಾತೆಗೆ ಬರೆದದ್ದಾಯಿತು. ಮುಂದಿನ ಶನಿವಾರ ಅದೇ ಲೀಡರ್ ಹೊಸ ತಂಡದ ಮುಂದೆ ನಿಂತು "ಇಲ್ಲೀವರೆಗೆ ಯಾರಿಗೂ ಏನೂ ಆಗಿಲ್ಲ" ಅಂತ ಪೂರ್ತಿ ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಬಂದ ದೂರನ್ನೆಲ್ಲ ಪಕ್ಕದವನ ಖಾತೆಗೆ ಬರೆದರೆ ನಮ್ಮ ಖಾತೆ ಯಾವಾಗಲೂ ಸೊನ್ನೆಯೇ ತಾನೆ? ಇದಕ್ಕೆ ಅನುಭವ ಅನ್ನೋದಿಲ್ಲ.

ಎರಡನೇ ವಾದ ಸ್ವಲ್ಪ ಗಟ್ಟಿ. "ನಮ್ಮಜ್ಜ ಅಬ್ಬಿ ನೀರು ಕುಡಿದೇ ತೊಂಬತ್ತು ವರ್ಷ ಬದುಕಿದ."

ಮಲೆನಾಡಿನವರಿಗೆ ಅಬ್ಬಿ ನೀರು ಅಂದರೆ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳ್ತೀನಿ: ಮನೆಯ ಹಿಂದಿನ ಗುಡ್ಡದಲ್ಲಿ ಒಸರುವ ಒರತೆಯಿಂದ ಸೀಳಿದ ಅಡಿಕೆ ಮರದ ದಬ್ಬೆ ಹಾಕಿ, ಈಗಾದರೆ ಕರೀ ಪೈಪ್ ಹಾಕಿ, ಪಂಪಿಲ್ಲದೆ ಕರೆಂಟಿಲ್ಲದೆ ಹಿತ್ತಲಿಗೆ ಇಳಿಸಿಕೊಳ್ಳುವ ನೀರು ಅದು. ನಿಜ, ತಲೆಮಾರುಗಟ್ಟಲೆ ಜನ ಅದನ್ನೇ ಕುಡಿದಿದ್ದಾರೆ. ಆದರೆ ಅಜ್ಜನಿಗೆ ನಿಮಗಿಲ್ಲದ ಒಂದು ವಿದ್ಯೆ ಇತ್ತು. ಒರತೆ ಎಲ್ಲಿ ಹುಟ್ಟುತ್ತೆ, ಅಲ್ಲಿಂದ ಮನೆಗೆ ಎಷ್ಟು ದೂರ, ಮಧ್ಯೆ ಯಾರ ತೋಟ ಇದೆ, ಯಾರ ಕೊಟ್ಟಿಗೆ ಇದೆ, ಅಷ್ಟೂ ಅವನಿಗೆ ಗೊತ್ತಿತ್ತು. ಅಬ್ಬಿಯ ಮೇಲ್ಗಡೆ ಯಾರಾದರೂ ದನ ಮೈ ತೊಳೆಸಿದರೆ ಅಜ್ಜ ದೊಣ್ಣೆ ಹಿಡಿದು ಹೋಗುತ್ತಿದ್ದ!

ಹರಿಯೋ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಕೇ ಅಂತ ಗಾದೆ ಕೇಳುತ್ತಲ್ಲ, ಬೇಕಿತ್ತು ಸ್ವಾಮಿ. ಅಬ್ಬಿ ನೀರಿಗೆ ಅಜ್ಜನೇ ದೊಣ್ಣೆನಾಯಕ. ಆ ನೀರು ಚೆನ್ನಾಗಿದ್ದದ್ದು ಅದು ಹರಿಯುತ್ತಿತ್ತು ಅಂತಲ್ಲ, ಅದರ ಮೇಲ್ಗಡೆ ಏನಿದೆ ಅನ್ನೋದು ಕಾಯುವವನಿಗೆ ಗೊತ್ತಿತ್ತು ಅಂತ. ನಾವು ಅಜ್ಜನ ಅರ್ಧ ಮಾತು ಮಾತ್ರ ಇಟ್ಟುಕೊಂಡು ಉಳಿದರ್ಧ ಬಿಟ್ಟೆವು. "ಹರಿಯೋ ನೀರು ಶುದ್ಧ" ಅನ್ನೋದು ಉಳೀತು. "ಮೇಲೆ ಹೋಗಿ ನೋಡ್ಕೊಂಡು ಬಾ" ಅನ್ನೋದು ಹೋಯ್ತು.

ಸರಿ, ಈಗ ಮೇಲೆ ಹೋಗಿ ನೋಡೋಣ. ಮೇಲೆ ಏನಿದೆ?

ಮೊದಲನೆಯದಾಗಿ, ನಾವೇ ಇದ್ದೇವೆ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ವಿಡಿಯೋ ನೋಡಿದ್ದೀರಲ್ಲ? ಒಂದೇ ವಾರಾಂತ್ಯಕ್ಕೆ ಸಾವಿರಾರು ಜನ, ತಿರುಪತಿ ಕ್ಯೂ ಇದ್ದ ಹಾಗೆ. ಅದಾದ ಮೇಲೇ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿ, ಆಮೇಲೆ ದಿನಕ್ಕಿಷ್ಟು ಜನ ಅಂತ ಮಿತಿ ತಂದದ್ದು. ಆ ಸಾವಿರಾರು ಜನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋದರು? ಕೈಕಾಲು ತೊಳೆಯೋಕೆ ನೀರು ಬೇಕಲ್ಲ, ತೊರೆಯ ಪಕ್ಕಕ್ಕೇ ಹೋದರು. ಅವರ ಕೆಳಗಡೆ, ಅದೇ ತೊರೆಯಲ್ಲಿ, ಇನ್ನೊಬ್ಬ "ಆಹಾ ಅಮೃತ" ಅನ್ನುತ್ತಿದ್ದ. ಆ ಬೆಟ್ಟದ ಸುಬ್ರಹ್ಮಣ್ಯದ ಕಡೆಯ ನೀರು ಕುಮಾರಧಾರೆಗೆ ಸೇರುತ್ತದೆ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ನೇತ್ರಾವತಿಯ ನೀರನ್ನು ತುಂಬೆಯಲ್ಲಿ ಕಟ್ಟಿ ನಿಲ್ಲಿಸಿ, ಶುದ್ಧ ಮಾಡಿ ಮಂಗಳೂರಿನವರು ಕುಡಿಯುತ್ತಾರೆ. ಶುದ್ಧ ಮಾಡಿ ಅನ್ನೋ ಮಾತನ್ನು ಗಮನಿಸಿ. ಅವರು ಅಮೃತ ಅಂತ ಹಾಗೇ ಬಿಟ್ಟಿಲ್ಲ.

ಎರಡನೆಯದಾಗಿ, ದನ, ಕಾಡುಹಂದಿ, ಇಲಿ, ಹೆಗ್ಗಣ. "ಕಾಡುಪ್ರಾಣಿ ಕುಡಿಯೋ ನೀರು ನಮಗೇನು ಮಾಡೀತು" ಅನ್ನುವವರಿಗೆ: ಪ್ರಾಣಿ ಕುಡಿದು ಸುಮ್ಮನೆ ಹೋಗಲ್ಲ, ಅಲ್ಲೇ ಹಾಕಿಯೂ ಹೋಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಸುದ್ದಿಯಾಗುವ ಇಲಿಜ್ವರ ಬರೋದೇ ಹೀಗೆ, ಪ್ರಾಣಿಗಳ ಮೂತ್ರ ಸೇರಿದ ನೀರಿನಿಂದ. ಅದಕ್ಕೆ ಕುಡಿಯೋದೂ ಬೇಕಿಲ್ಲ, ಕಾಲಿನಲ್ಲಿ ಒಂದು ಗಾಯ ಇದ್ದರೆ ಸಾಕು.

ಮೂರನೆಯದಾಗಿ, ತೋಟ. ಚಿಕ್ಕಮಗಳೂರು, ಕೊಡಗಿನ ಎಷ್ಟೋ ತೊರೆ ಕಾಫಿ ತೋಟ ದಾಟಿಯೇ ನಮ್ಮ ದಾರಿಗೆ ಬರೋದು. ಔಷಧಿ ಸಿಂಪಡಿಸುವ ಕಾಲ ಒಂದಿದೆ, ಹಣ್ಣು ಕುಯ್ದು ಪಲ್ಪಿಂಗ್ ಮಾಡುವ ಕಾಲ ಇನ್ನೊಂದಿದೆ. ಪಲ್ಪಿಂಗ್ ನೀರು ತೊರೆಗೆ ಬಿದ್ದರೆ ನೀರಿನ ಆಮ್ಲಜನಕವೇ ಖಾಲಿಯಾಗಿ ಮೀನು ಸಾಯುತ್ತವೆ. ಈ ರಾಸಾಯನಿಕದ ವಿಷಯ ಮರೀಬೇಡಿ, ಇದು ಕುದಿಸಿದರೆ ಹೋಗಲ್ಲ. ತೋಟದ ಕೆಳಗಿನ ನೀರನ್ನು ಬಿಟ್ಟುಬಿಡೋದೇ ಅದಕ್ಕಿರುವ ಮದ್ದು.

ಈಗ ಬುಷ್‌ಕ್ರಾಫ್ಟ್ ಅನ್ನೋ ಹೊಸ ಗೀಳಿನ ವಿಷಯಕ್ಕೆ ಬರ್ತೀನಿ. ಕಾಡಿನಲ್ಲಿ ಕಡಿಮೆ ಸಾಮಾನು ಇಟ್ಟುಕೊಂಡು ಬದುಕುವ ಕಸುಬು ಅಂತ ಅದರ ಅರ್ಥ. ಒಳ್ಳೇದೇ, ಕಲೀಬೇಕು. ಆದರೆ ನಾವು ಕಲೀತಿರೋದು ಏನು? ಕಡ್ಡಿ ಉಜ್ಜಿ ಬೆಂಕಿ ಹಚ್ಚೋದು, ಮಚ್ಚಿನಷ್ಟು ದೊಡ್ಡ ಚಾಕು ಸೊಂಟಕ್ಕೆ ಸಿಕ್ಕಿಸೋದು, ಕೊಂಬೆ ಕಡಿದು ಗುಡಿಸಲು ಕಟ್ಟೋದು. ಈ ಪಾಠವೆಲ್ಲ ಬಂದದ್ದು ಎಲ್ಲಿಂದ? ಕೆನಡಾದ ಮೋರ್ಸ್ ಕೊಚಾನ್‌ಸ್ಕಿ 1980ರ ದಶಕದಲ್ಲಿ ಪುಸ್ತಕ ಬರೆದರು, ಅವರ ಕಾಡಿನಲ್ಲಿ ಆರು ತಿಂಗಳು ಹಿಮ. ಅಲ್ಲಿ ರಾತ್ರಿ ಬೆಂಕಿ ಇಲ್ಲದಿದ್ದರೆ ಮನುಷ್ಯ ಸಾಯುತ್ತಾನೆ, ಆದ್ದರಿಂದ ಬೆಂಕಿ ಮೊದಲ ಪಾಠ. ಅವರು ಬರೆದದ್ದು ಅವರ ಕಾಡಿಗೆ ಸರಿಯಾಗಿಯೇ ಇದೆ.

ನಮ್ಮ ಕಾಡಿಗೆ? ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚೋದು 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಅಪರಾಧ. 2019ರ ಫೆಬ್ರವರಿಯಲ್ಲಿ ಬಂಡೀಪುರ ಸಾವಿರಾರು ಎಕರೆ ಹೊತ್ತಿ ಉರಿದದ್ದನ್ನು ಮರೆತಿಲ್ಲ ತಾನೆ? ಅದಾಗಿ ಒಂದು ವರ್ಷ ತುಂಬುವ ಮೊದಲೇ, 2020ರ ಜನವರಿಯಲ್ಲಿ, ಅದೇ ಬಂಡೀಪುರಕ್ಕೆ ಟೀವಿಯವರು ಬೇರ್ ಗ್ರಿಲ್ಸ್ ಮತ್ತು ರಜನೀಕಾಂತರನ್ನು ಕರೆತಂದು ಕಾಡಿನಲ್ಲಿ ಬದುಕೋದು ಹೇಗೆ ಅಂತ ಚಿತ್ರೀಕರಣ ಮಾಡಿದರು. ನೋಡೋಕೆ ಮಜಾ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಅದನ್ನು ನೋಡಿ ಚಾಕು ಕೊಂಡ ನಮ್ಮ ಹುಡುಗರಲ್ಲಿ ಎಷ್ಟು ಜನ ನೂರು ರೂಪಾಯಿಯೊಳಗೆ ಕ್ಲೋರಿನ್ ಮಾತ್ರೆ ಕೊಂಡರು? ಒಂದು ಲೀಟರ್ ನೀರನ್ನು ಕುಡಿಯೋ ಹಾಗೆ ಮಾಡೋದು ಟೀವಿಯಲ್ಲಿ ಚೆನ್ನಾಗಿ ಕಾಣಲ್ಲ. ಮಾತ್ರೆ ಹಾಕಿ ಅರ್ಧ ಗಂಟೆ ಸುಮ್ಮನೆ ಕೂರೋದನ್ನು ಯಾವ ಕ್ಯಾಮೆರಾ ತೋರಿಸುತ್ತೆ ಹೇಳಿ?

ನಮ್ಮ ಘಟ್ಟದಲ್ಲಿ ಮೊದಲ ಪಾಠ ಬೆಂಕಿ ಅಲ್ಲ, ನೀರು. ಬರೀ ಬೈದು ಹೋದ ಅಂತ ಆಗಬಾರದು, ಆದ್ದರಿಂದ ಆ ಪಾಠವನ್ನೂ ಬರೆದೇ ಬಿಡ್ತೀನಿ.

ಕುದಿಸೋದು ಎಲ್ಲಕ್ಕಿಂತ ಗಟ್ಟಿ. ಬ್ಯಾಕ್ಟೀರಿಯಾ, ವೈರಸ್, ಪರಾವಲಂಬಿ ಮೂರೂ ಸಾಯುತ್ತವೆ. ಇಪ್ಪತ್ತು ನಿಮಿಷ ಕುದಿಸಬೇಕು ಅನ್ನೋದು ಸುಳ್ಳು. ಗುಳ್ಳೆ ಕೊತಕೊತ ಎದ್ದ ಮೇಲೆ ಒಂದು ನಿಮಿಷ ಸಾಕು. ಎರಡು ಸಾವಿರ ಮೀಟರ್‌ಗಿಂತ ಮೇಲೆ ಮೂರು ನಿಮಿಷ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್, ಅಂದರೆ ನಮ್ಮ ರಾಜ್ಯದಲ್ಲಿ ಎಲ್ಲಿ ನಿಂತರೂ ಒಂದೇ ನಿಮಿಷದ ಲೆಕ್ಕ. ಅಲ್ಲಿ ನೀರು ಸುಮಾರು 93-94 ಡಿಗ್ರಿಗೇ ಕುದಿಯುತ್ತೆ, ಆದರೂ ತೊಂದರೆ ಇಲ್ಲ, ಈ ಕ್ರಿಮಿಗಳಿಗೆ ಅದಕ್ಕಿಂತ ಕಡಿಮೆ ಬಿಸಿಯೇ ಸಾಕು. ಇನ್ನು ಖರ್ಚು. ಒಂದು ಲೀಟರ್ ನೀರನ್ನು ಕುದಿಗೆ ತರೋಕೆ 335 ಕಿಲೋಜೂಲ್ ಒಳಗೇ ಆಗುತ್ತೆ. ಅರ್ಧ ಶಾಖ ಗಾಳಿಗೆ ಹೋಯಿತು ಅಂದುಕೊಂಡರೂ 15 ಗ್ರಾಂ ಗ್ಯಾಸ್ ಸಾಕು. ಗ್ಯಾಸ್ ಭಾರ ಅಂತ ಹೇಳುವ ಲೀಡರುಗಳು ಈ ಲೆಕ್ಕ ನೋಡಲಿ. ಕುದಿಸಿದ ನೀರು ಸಪ್ಪೆ ಅನ್ನಿಸಿದರೆ ಎರಡು ಪಾತ್ರೆಗಳ ನಡುವೆ ನಾಲ್ಕು ಸಲ ಎತ್ತಿ ಹುಯ್ಯಿರಿ, ಟೀ ಆರಿಸಿದ ಹಾಗೆ.

ಸ್ಟವ್ ಹಚ್ಚೋಕೂ ಬಿಡದ ಕಡೆ ಕ್ಲೋರಿನ್ ಮಾತ್ರೆ. ಒಂದು ಮಾತ್ರೆ ಎಷ್ಟು ಲೀಟರಿಗೆ ಅಂತ ಚೀಟಿ ಓದಿ ಹಾಕಿ, ಒಂದು ಲೀಟರಿನದ್ದೂ ಇದೆ, ಇಪ್ಪತ್ತು ಲೀಟರಿನದ್ದೂ ಇದೆ. ಹಾಕಿ ಕನಿಷ್ಠ ಅರ್ಧ ಗಂಟೆ ಕಾಯಿರಿ. ಬಾಟಲಿಯ ಮುಚ್ಚಳ ಸ್ವಲ್ಪ ಸಡಿಲಿಸಿ, ತಲೆಕೆಳಗು ಮಾಡಿ, ಮದ್ದಿನ ನೀರು ಬಾಯಿಯ ಸುತ್ತ ಇಳಿಯೋಕೆ ಬಿಡಿ. ತುಟಿ ತಾಗೋದು ಅಲ್ಲೇ ಅಲ್ವಾ? ನೀರು ಕದಡಿದ್ದರೆ ಮೊದಲು ತಿಳಿಗೊಳಿಸಿ, ಆಮೇಲೆ ಮಾತ್ರೆ, ಇಲ್ಲದಿದ್ದರೆ ಕ್ಲೋರಿನ್ ಎಲ್ಲ ಕೆಸರಿಗೇ ಖರ್ಚಾಗುತ್ತೆ. ಇದಕ್ಕೂ ಮಿತಿ ಇದೆ, ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಕ್ಲೋರಿನ್ನಿಗೆ ಜಗ್ಗಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ನಳಿಗೆಯ ಫಿಲ್ಟರ್ ಅದನ್ನು ತಡೆಯುತ್ತೆ, ಆದರೆ ವೈರಸ್ಸನ್ನು ತಡೆಯಲ್ಲ. ಫಿಲ್ಟರ್ ಮೊದಲು, ಮಾತ್ರೆ ಆಮೇಲೆ, ಎರಡೂ ಸೇರಿದರೆ ಜೋಡಿ ಸರಿ.

ನಮ್ಮ ಹಿರಿಯರ ವಿದ್ಯೆ? ಅದನ್ನೂ ತೂಗಿ ನೋಡೋಣ, ಬೈಯೋದೂ ಬೇಡ, ಆರತಿ ಎತ್ತೋದೂ ಬೇಡ. ಬಟ್ಟೆಯಲ್ಲಿ ಸೋಸೋದು ಸುಳ್ಳಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ರೀಟಾ ಕೋಲ್ವೆಲ್ ತಂಡ ಹಳೇ ಸೀರೆಯನ್ನು ಮಡಿಸಿ ಸೋಸಿ ಕುಡಿಯೋದು ಕಲಿಸಿ, ಕಾಲರಾ ಸುಮಾರು ಅರ್ಧದಷ್ಟು ಇಳಿದದ್ದನ್ನು 2003ರಲ್ಲಿ ಪ್ರಕಟಿಸಿತು. ಕಾಲರಾ ರೋಗಾಣು ನೀರಿನ ಸಣ್ಣಸಣ್ಣ ಜೀವಿಗಳಿಗೆ ಅಂಟಿಕೊಂಡಿರುತ್ತೆ, ಅವು ಸೀರೆಯಲ್ಲಿ ಸಿಕ್ಕಿಬೀಳುತ್ತವೆ. ಹಾಗಂತ ಒಂಟಿಯಾಗಿ ಈಜುವ ಬ್ಯಾಕ್ಟೀರಿಯಾ, ವೈರಸ್ ಸಿಕ್ಕಲ್ಲ. ಆದ್ದರಿಂದ ಸೀರೆ ಮೊದಲ ಹೆಜ್ಜೆ, ಕೊನೆಯದಲ್ಲ. ತಾಮ್ರವೂ ಸುಳ್ಳಲ್ಲ. ನಮ್ಮ ಬೆಂಗಳೂರಿನದೇ ವಿಜ್ಞಾನಿಗಳು 2012ರಲ್ಲಿ ತೋರಿಸಿದರು, ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಟೈಫಾಯ್ಡ್, ಕಾಲರಾ ಜಾತಿಯ ಬ್ಯಾಕ್ಟೀರಿಯಾ ಉಳಿಯಲಿಲ್ಲ ಅಂತ. ಹದಿನಾರು ಗಂಟೆ ರೀ! ಎರಡು ಸಾವಿರ ರೂಪಾಯಿಯ ತಾಮ್ರದ ಬಾಟಲಿಗೆ ತೊರೆಯ ನೀರು ತುಂಬಿ ಹತ್ತು ನಿಮಿಷಕ್ಕೆ ಗಟಗಟ ಕುಡಿಯುವವರು ಆ ಸಂಖ್ಯೆಯನ್ನು ಬಾಟಲಿ ಮೇಲೆ ಬರೆದಿಟ್ಟುಕೊಳ್ಳಲಿ. ಬಿಸಿಲಿನ ವಿಧಾನವೂ ಇದೆ: ತಿಳಿ ನೀರನ್ನು ಬಣ್ಣವಿಲ್ಲದ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ಆರು ಗಂಟೆ ಪೂರಾ ಬಿಸಿಲಿಗಿಡೋದು, ಮೋಡ ಇದ್ದರೆ ಎರಡು ದಿನ. ಆಗುಂಬೆಯ ಜುಲೈನಲ್ಲಿ ಮಾತ್ರ ಇದನ್ನು ನಂಬಿ ಕೂರಬೇಡಿ :-)

ಇನ್ನು ಕೊನೆಯ ಮಾತು, ಇದು ಯಾವ ಬುಷ್‌ಕ್ರಾಫ್ಟ್ ವಿಡಿಯೋದಲ್ಲೂ ಬರಲ್ಲ. ನೀರು ಶುದ್ಧ ಮಾಡೋದು ಅರ್ಧ ವಿದ್ಯೆ, ನೀರು ಕೆಡಿಸದೆ ಇರೋದು ಇನ್ನರ್ಧ. ಬಯಲಿಗೆ ಹೋಗಬೇಕಾದರೆ ತೊರೆಯಿಂದ ಎಪ್ಪತ್ತು ಹೆಜ್ಜೆಯಾದರೂ ದೂರ ಹೋಗಿ, ಒಂದು ಗೇಣು ಗುಂಡಿ ತೋಡಿ, ಮುಚ್ಚಿ ಬನ್ನಿ. ಸೋಪು, ಶಾಂಪೂ, ಮ್ಯಾಗಿ ಪಾತ್ರೆ ತೊರೆಗೆ ಇಳಿಸಬೇಡಿ. ನೀರು ಮೊಗೆದು ತಂದು ದೂರ ತೊಳೆಯಿರಿ. ನೀವು ಕುಡಿಯೋ ನೀರಿಗೆ ಮೇಲಿನವನು ಯಾರು ಅಂತ ಯೋಚಿಸುತ್ತೀರಲ್ಲ, ಕೆಳಗಿನವನಿಗೆ ಆ ಮೇಲಿನವನು ನೀವೇ.

ದುಡ್ಡು ತಗೊಂಡು ಚಾರಣ ಕರ್ಕೊಂಡು ಹೋಗೋರಿಗೆ ನನ್ನ ಬೇಡಿಕೆ ಒಂದೇ. ಟೀಶರ್ಟು, ಸರ್ಟಿಫಿಕೇಟು, ಕ್ಯಾಂಪ್‌ಫೈರ್ ಏನೂ ಬೇಡ. ಹೊರಡೋ ಮೊದಲು ತಲೆಗೆ ಎಷ್ಟು ಲೀಟರ್ ನೀರು, ಎಲ್ಲಿ ತುಂಬಿಸ್ತೀರಿ, ತುಂಬಿಸಿದ ಮೇಲೆ ಏನು ಮಾಡ್ತೀರಿ, ಮೂರು ಸಾಲು ಬರೆದು ಕೊಡಿ. ಅದು ಕೊಡೋಕೆ ಆಗದವರ ಜೊತೆ ಇಪ್ಪತ್ತೆರಡು ವರ್ಷದ ಹುಡುಗರನ್ನು ಕಳಿಸಬೇಡಿ. ತಿಂಗಳಾದ ಮೇಲೆ ಯಾರಾದರೂ ಫೋನ್ ಮಾಡಿ ಕಣ್ಣು ಹಳದಿಯಾಗಿದೆ ಅಂದರೆ ಪಾನಿಪೂರಿ ಅನ್ನಬೇಡಿ, ಜೊತೆಗೆ ಹೋಗಿದ್ದ ಉಳಿದವರಿಗೂ ಫೋನ್ ಮಾಡಿ ಕೇಳಿ. ಅಷ್ಟೂ ಜನರನ್ನು ಕೇಳಿದ ಮೇಲೆ ಮಾತ್ರ "ಯಾರಿಗೂ ಏನೂ ಆಗಿಲ್ಲ" ಅನ್ನೋ ಹಕ್ಕು ಬರೋದು.

ಬರೆಯುವ ಗೆಳೆಯರಿಗೂ ಒಂದು ಕೋರಿಕೆ ಇದೆ. ನಮ್ಮನ್ನು ಓದಿ ಮುಂದಿನ ವಾರ ಹೊರಡುವವರಿದ್ದಾರೆ, ಅವರು ನಾವು ಬರೆದ ಹಾಗೇ ಮಾಡುತ್ತಾರೆ. ತೊರೆ ಜುಳುಜುಳು ಅನ್ನಲಿ, ಸ್ಫಟಿಕದಂತೆಯೂ ಇರಲಿ, ಯಾರು ಬೇಡ ಅಂದರು? ಅದರ ಮುಂದೆ ಒಂದೇ ಒಂದು ಸಾಲು ಸೇರಿಸಿ: "ತುಂಬಿಸಿಕೊಂಡೆವು, ಮಾತ್ರೆ ಹಾಕಿ ಅರ್ಧ ಗಂಟೆ ಕೂತೆವು, ಆಮೇಲೆ ಕುಡಿದೆವು." ಆ ಅರ್ಧ ಗಂಟೆಯಲ್ಲಿ ಏನು ನೋಡಿದಿರಿ, ಯಾವ ಹಕ್ಕಿ ಕೂಗಿತು, ಜಿಗಣೆ ಯಾರ ಕಾಲಿಗೆ ಹತ್ತಿತು ಅಂತ ಬರೆಯಿರಿ. ನಾನಂತೂ ಅದನ್ನೇ ಇಷ್ಟಪಟ್ಟು ಓದ್ತೀನಿ.

ನೀವೇನಂತೀರಿ?